ಉಂಡ್ರೆಡಾಲಿನ ಕಂದು ಚೀಸ್

ನಾರ್ವೆಯ ಪಶ್ಚಿಮ ಕರಾವಳಿಯಿಂದ ಸೋಗ್ನೆಫಿಯೋರ್ಡ್ ಎಂಬ ಕಡಲ ಸೀಳು 200 ಕಿಲೋಮೀಟರಿಗೂ ಹೆಚ್ಚು ದೂರ ಒಳನುಗ್ಗಿದೆ. ಅದರ ಒಂದು ಕವಲಿನ ದಡದಲ್ಲಿ ಔರ್‌ಲಾಂಡ್ ಎಂಬ ಪುಟ್ಟ ಪುರಸಭೆಯಿದೆ. ಅಲ್ಲಿನ ಜನಸಂಖ್ಯೆ 2,000ವನ್ನೂ ಮುಟ್ಟುವುದಿಲ್ಲ. ಅಲ್ಲಿಗೆ ಪ್ರವಾಸಿಗರನ್ನು ಸೆಳೆಯುವುದು ಫ್ಲೋಮ್‌ನ ಬೆಟ್ಟದ ರೈಲು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅಲ್ಲಿನ ಉಂಡ್ರೆಡಾಲ್ ಹಳ್ಳಿಯ ಮೇಕೆ ಹಾಲಿನ ಕಂದು ಚೀಸ್.

ಕಡಿದಾದ ಬಂಡೆಗಳ ನಡುವೆ ಹಸು ಸಾಕುವುದು ಕಷ್ಟ, ಮೇಕೆಗೆ ಆ ಇಳಿಜಾರೇ ಮನೆ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲು, ಸೊಪ್ಪು ಮೇಯ್ದ ಮೇಕೆಗಳ ಹಾಲನ್ನು ಒಡೆಸಿ ಮೊದಲು ಬಿಳಿ ಚೀಸ್ ಮಾಡುತ್ತಾರೆ. ಉಳಿದ ತಿಳಿನೀರನ್ನು ಚೆಲ್ಲುವುದಿಲ್ಲ. ನಿಜವಾದ ಕೌಶಲ ಶುರುವಾಗುವುದೇ ಅಲ್ಲಿಂದ. ನಮ್ಮಲ್ಲಿ ಖೋವಾ ಕಾಯಿಸುವಂತೆ ಅದನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ನೀರು ಆವಿಯಾದಂತೆ ಹಾಲಿನ ಸಕ್ಕರೆ ಕಾದು ಕಂದುಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಹೊರಗಿನ ಸಕ್ಕರೆಯ ಹಂಗಿಲ್ಲ. ಇಳಿಸಿದ ಮೇಲೂ ತಣಿಯುವವರೆಗೆ ಕೈಯಾಡಿಸುತ್ತಲೇ ಇರಬೇಕು. ಬಿಟ್ಟರೆ ಸಕ್ಕರೆ ಹರಳುಗಟ್ಟಿ ನಾಲಿಗೆಗೆ ಮರಳು ಮರಳಾಗುತ್ತದೆ. ಈ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಸಿಹಿ, ಸಣ್ಣ ಉಪ್ಪು, ಹಿಂದೆಯೇ ಮೇಕೆ ಹಾಲಿನ ಘಾಟು. ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲಿಟ್ಟು ತಿನ್ನುವುದು ವಾಡಿಕೆ. ಹೀಗೆ ತೆಳುವಾಗಿ ಹೆರೆಯುವ ಉಪಕರಣಕ್ಕೆ 1925ರಲ್ಲಿ ಪೇಟೆಂಟ್ ಕೋರಿದವರು ನಾರ್ವೆಯ ಬಡಗಿ ಥೋರ್ ಬ್ಯೋರ್ಕ್‌ಲುಂಡ್. ದೊಡ್ಡ ಡೈರಿಗಳ ಕಂದು ಚೀಸ್‌ನಲ್ಲಿ ಹೆಚ್ಚಾಗಿ ಹಸುವಿನ ಹಾಲು, ಕೆನೆ ಬೆರೆತಿರುತ್ತದೆ, ರುಚಿ ಮೃದು. ಅಪ್ಪಟ ಮೇಕೆಯದಕ್ಕೆ ಬೇರೆಯದೇ ಗತ್ತು. ಸೋಗ್ನೆಫಿಯೋರ್ಡಿನ ಈ ಕೈತಯಾರಿಯನ್ನು ಸ್ಲೋ ಫುಡ್ ಸಂಸ್ಥೆಯೂ ಸಂರಕ್ಷಣೆಯ ಪಟ್ಟಿಗೆ ಸೇರಿಸಿಕೊಂಡಿದೆ.