ಲೈಸೆನ್ಸ್ ಉಂಟು, ಸಾವಕಾರ ಇಲ್ಲ

ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿ, ತೂಕಕ್ಕಿಟ್ಟು, ಲಾರಿಗೆ ಏರಿಸುವ ಹಮಾಲರನ್ನು ಕಾನೂನು ಕಾಣದೇ ಬಿಟ್ಟಿಲ್ಲ. ಕೃಷಿ ಉತ್ಪನ್ನ ಮಾರಾಟದ 1966ರ ಕಾಯಿದೆ ದಲಾಲರು, ಖರೀದಿದಾರರ ಸಾಲಿನಲ್ಲೇ ಹಮಾಲರನ್ನೂ ತೂಕದವರನ್ನೂ ಪೇಟೆ ಕಾರ್ಯಕರ್ತರೆಂದು ಕೂರಿಸಿ ಲೈಸೆನ್ಸ್ ಕಡ್ಡಾಯ ಮಾಡಿತು. ಸಾಲು ಒಂದೇ ಆದರೂ ಫಲ ಒಂದೇ ಅಲ್ಲ. ದಲಾಲನಿಗೆ ಅದು ಅಂಗಡಿ ನಡೆಸುವ ಬಲ. ಹಮಾಲನಿಗೆ ಹೊರೆ ಹೊರಲು ಅಪ್ಪಣೆ, ಅಷ್ಟೇ. ಚೀಲ ಬಂದರೆ ಕೂಲಿ ಉಂಟು. ಸೊಂಟ ಹಿಡಿದು ಮಲಗಿದ ದಿನ ಮಾತ್ರ 'ಇವ ನಮ್ಮ ಆಳು' ಎನ್ನಲು ಯಾರೂ ಇಲ್ಲ: ಸಮಿತಿ ಕೊಟ್ಟದ್ದು ಲೈಸೆನ್ಸ್, ನೌಕರಿಯಲ್ಲ, ಅಂಗಡಿಯವನು ಕೊಟ್ಟದ್ದು ಆ ಹೊತ್ತಿನ ಕೂಲಿ. ಅಗಡಿ ಗ್ರಾಮದಿಂದ ಹಮಾಲಿಗೆ ಬಂದ ಯುವಕ ಸಾಲದ ಅರ್ಜಿಯಲ್ಲಿ ಮಾಲೀಕರ ಹೆಸರಿನ ಎದುರು ಏನು ಬರೆಯಬೇಕು? ಲೈಸೆನ್ಸ್ ಇದ್ದವರಿಗೆ ಕಾಯಕ ನಿಧಿಯಂಥ ನೆರವು ಇದೆ, ನಿಜ. ಆದರೆ ಅದು ಸರ್ಕಾರದ ಕನಿಕರದಿಂದ ಬಂದದ್ದು, ದುಡಿಸಿಕೊಂಡವರ ಹೊಣೆಯಿಂದ ಬಂದದ್ದಲ್ಲ.

ದಿನಕ್ಕೆ ನಾಲ್ಕಾರು ಅಂಗಡಿ ತಿರುಗುವವನಿಗೆ ಮಾಲೀಕನನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪ ಹಳೆಯದು. ಮಹಾರಾಷ್ಟ್ರ ಅದಕ್ಕೆ 1969ರಲ್ಲೇ ಉತ್ತರ ಕೊಟ್ಟಿತು. ಅಲ್ಲಿನ ಮಾಥಾಡಿ (ಹೊರೆ ಹೊರುವವರ) ಕಾಯಿದೆ ಹಮಾಲನ ಜೊತೆ ಅವನಿಂದ ದುಡಿಸಿಕೊಳ್ಳುವ ವ್ಯಾಪಾರಿಯನ್ನೂ ಮಂಡಳಿಯಲ್ಲಿ ನೋಂದಾಯಿಸಿತು. ಕೂಲಿಯ ಜೊತೆಗೆ ಲೆವಿಯನ್ನೂ ವ್ಯಾಪಾರಿ ಮಂಡಳಿಗೆ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚ್ಯುಟಿ ಅಲ್ಲಿಂದ ಹುಟ್ಟುತ್ತವೆ. ಒಬ್ಬನೇ ಸಾವಕಾರ ಸಿಗದಿದ್ದರೆ ಎಲ್ಲ ಸಾವಕಾರರೂ ಸೇರಿ ಒಬ್ಬನಾಗಲಿ ಎಂಬುದು ಅದರ ಜಾಣತನ. ಮಾಥಾಡಿ ಹೆಸರಿನಲ್ಲಿ ಹಣ ಕೀಳುವವರ ಮೇಲೆ ಅಲ್ಲಿ ದೂರುಗಳೂ ಇವೆ. ಅವು ನಿಗಾ ಬಿಗಿ ಮಾಡಲು ಕಾರಣವಾಗಬೇಕೇ ಹೊರತು ತತ್ವವನ್ನೇ ಕೈಬಿಡಲು ಅಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವ್ಯಾಪಾರಿಗಳದ್ದು. ನಮ್ಮ ಎಪಿಎಂಸಿ ಕಾಯಿದೆಗೆ ತಂದ 2020ರ ತಿದ್ದುಪಡಿ ಪ್ರಾಂಗಣದ ಹೊರಗಿನ ಖರೀದಿಗೆ ಬಾಗಿಲು ತೆರೆಯಿತು. ಇಲ್ಲೂ ಅಂಥ ಲೆವಿ ಹೇರಿದರೆ ಮಾಲು ಹೊರಗೇ ಹೋದೀತು ಎನ್ನುತ್ತಾರೆ. ಅಂಜಿಕೆ ಸುಳ್ಳಲ್ಲ. ಆದರೆ ಬಳ್ಳಾರಿ, ರಾಯಚೂರು, ಆಂಧ್ರದ ಮೆಣಸಿನಕಾಯಿ ಇಷ್ಟು ದೂರ ಬರುವುದು ಹಮಾಲಿ ಅಗ್ಗವೆಂದಲ್ಲ. ಖರೀದಿದಾರರು, ಶೀತಲಗೃಹಗಳು ಇಲ್ಲಿ ಒಟ್ಟಿಗಿವೆ, ಅದಕ್ಕೆ. ಬ್ಯಾಡಗಿ ಎಂಬ ಹೆಸರಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಕಾಯಿಗೆ ಊರಿನ ಗುರುತು ಕೊಡಿಸಲು ತೋರಿದ ಶ್ರದ್ಧೆ ಅದನ್ನು ಹೊತ್ತವರ ವಿಷಯದಲ್ಲಿ ಕಾಣಲಿಲ್ಲ.

ಲೈಸೆನ್ಸನ್ನೇ ಹಕ್ಕಿನ ಬಾಗಿಲು ಮಾಡುವುದರ ಇನ್ನೊಂದು ಕೇಡು ಗೋದಾಮುಗಳಲ್ಲಿದೆ. ಘಾಟಿಗೆ ಸೆರಗನ್ನು ಮೂಗಿಗೆ ಕಟ್ಟಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಹಮಾಲರಿಗಿರುವ ಆ ಕಾಗದವೂ ಇಲ್ಲ. ಲೆವಿ ಕೂಲಿಯ ಮೇಲೆ ಬಿದ್ದರೆ ಲೈಸೆನ್ಸ್ ಕೇಳಬೇಕಾಗಿಲ್ಲ. ಅವರು ಬಿಡಿಸಿದ ಕಾಯಿಯ ತೂಕ ಹೇಗೂ ಅಂಗಡಿಯ ಲೆಕ್ಕದಲ್ಲಿರುತ್ತದೆ.