ಪುಟ್ಟ ಬಿಳಿ ಪ್ಲಗ್ಗು

ಮಾದರಿ ವಿಮಾನದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದಪ್ಪನೆಯ ಕೆಂಪು, ಕಪ್ಪು ತಂತಿಗಳು. ಮೋಟಾರು ತಿರುಗಿಸುವ ಕರೆಂಟು ಹರಿಯುವುದು ಅವುಗಳಲ್ಲೇ. ನನಗೆ ಮೆಚ್ಚುಗೆ ಮಾತ್ರ ಪಕ್ಕದಲ್ಲಿ ಇಳಿಬಿದ್ದಿರುವ ಪುಟ್ಟ ಬಿಳಿ ಪ್ಲಗ್ಗಿನ ಮೇಲೆ.

ಮೂರು ಸೆಲ್ಲಿನ ಬ್ಯಾಟರಿಯಾದರೆ ಈ ಪ್ಲಗ್ಗಿಗೆ ನಾಲ್ಕು ಸಣ್ಣ ತಂತಿ. ಅವುಗಳ ಮೂಲಕ ಬ್ಯಾಲೆನ್ಸ್ ಚಾರ್ಜರ್ ಒಂದೊಂದು ಸೆಲ್ಲನ್ನೂ ಬೇರೆಯಾಗಿ ಅಳೆಯುತ್ತದೆ. ಸಾಮಾನ್ಯ ಲಿಪೊ ಸೆಲ್ ತುಂಬಿದಾಗ 4.2 ವೋಲ್ಟ್, ಮೂರು ಸೇರಿದರೆ 12.6. ಆದರೆ ಒಟ್ಟು 12.6 ಇರುವಾಗಲೇ ಒಂದು ಸೆಲ್ 4.4ಕ್ಕೆ ಏರಿ, ಉಳಿದೆರಡು 4.1ರಲ್ಲೇ ನಿಂತಿರಬಹುದು. ಒಟ್ಟು ಲೆಕ್ಕ ಸರಿ, ಅಪಾಯ ಒಳಗಿದೆ. ಮಿತಿ ಮೀರಿದ ಸೆಲ್ಲಿನಲ್ಲಿ ಲಿಥಿಯಂ ಲೋಹವಾಗಿ ಕೂಡಿಕೊಳ್ಳುತ್ತದೆ, ಅನಿಲ ಹುಟ್ಟಿ ಚೀಲ ಉಬ್ಬುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಚಾರ್ಜರ್ ಹಾಗಾಗಲು ಬಿಡದೆ, ಮುಂದೆ ಹೋದ ಸೆಲ್ಲಿನಿಂದ ಸ್ವಲ್ಪ ಸ್ವಲ್ಪವೇ ಹರಿಸಿ, ಹಿಂದುಳಿದವು ಸಮಕ್ಕೆ ಬರುವತನಕ ಕಾಯುತ್ತದೆ. ಪಂಕ್ತಿಯಲ್ಲಿ ಎಲೆ ಎಲೆ ನೋಡಿ ಬಡಿಸುವ ಹಿರಿಯರ ಹಾಗೆ. ಎಂಥ ಅಚ್ಚುಕಟ್ಟಾದ ಕೆಲಸ!

ಚಾರ್ಜರಿನ ‘ಸ್ಟೋರೇಜ್’ ವ್ಯವಸ್ಥೆಯೂ ನನಗಿಷ್ಟ. ಮಳೆಗಾಲದಲ್ಲಿ ಹಾರಾಟ ನಿಂತಾಗ ಪ್ರತಿ ಸೆಲ್ಲನ್ನೂ 3.8 ವೋಲ್ಟಿನ ಆಸುಪಾಸಿಗೆ ತಂದಿಡುತ್ತದೆ. ಪೂರ್ತಿ ತುಂಬಿಸಿಟ್ಟ ಬ್ಯಾಟರಿ ಬೇಗ ಹಾಳಾಗುತ್ತದೆ.

ಚಾರ್ಜರಿಗೆ ಕಾಣದ್ದು ಉಬ್ಬು, ಸೀಳು, ವಿಮಾನ ಬಿದ್ದಾಗ ತಗುಲಿದ ಪೆಟ್ಟು. ಅವನ್ನು ನೋಡಬೇಕಾದವರು ನಾವು. ಬಿಸಿಯಾದ ಬ್ಯಾಟರಿ ಚಾರ್ಜಿಗೆ ಮೊದಲು ತಣಿಯಲಿ. 2200 ಎಂಎಎಚ್ ಪ್ಯಾಕನ್ನು ಚಾರ್ಜ್ ಮಾಡಲು 2.2 ಆಂಪಿಯರ್ ಸಾಕು. ಬರೀ ಸಿಮೆಂಟು ನೆಲದ ಮೇಲಿಟ್ಟು, ಹತ್ತಿರವೇ ಇದ್ದು ಚಾರ್ಜ್ ಮಾಡಿ. ಉಬ್ಬಿದ ಪ್ಯಾಕನ್ನು ಮಾತ್ರ ಮತ್ತೆಂದೂ ಚಾರ್ಜಿಗೆ ಹಾಕಬೇಡಿ.