ನೀಲಿ ಟಿಕ್ಕಿನ ಹಾಜರಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಹಾಜರಿ ಕೂಗುವುದರಲ್ಲಿ ನನಗೊಂದು ಹೆಮ್ಮೆಯಿತ್ತು. ರಿಜಿಸ್ಟರಿನಿಂದ ತಲೆ ಎತ್ತದೆ, ‘ಪ್ರೆಸೆಂಟ್ ಮಿಸ್’ ಎನ್ನುವ ದನಿಯಲ್ಲೇ ಯಾರಿಗೆ ಜ್ವರ, ಯಾರು ತಿಂಡಿ ತಿನ್ನದೆ ಬಂದಿದ್ದಾರೆ, ಯಾರು ಹೋಂವರ್ಕ್ ಮಾಡಿಲ್ಲ ಎಂದು ಹೇಳಬಲ್ಲೆ ಅಂದುಕೊಂಡಿದ್ದೆ. ಅಂಥವಳು 2020ರಲ್ಲಿ ಸುಮಾರು ಆರು ತಿಂಗಳು ಒಬ್ಬ ಹುಡುಗಿಗೆ ಸುಳ್ಳು ಹಾಜರಿ ಹಾಕಿದೆ. ಸ್ಮಾರ್ಟ್ ಕ್ಲಾಸು, ಕಲಿಕೆಯ ಆ್ಯಪು, ಪಾಠ ಹೇಳುವ ಕೃತಕ ಬುದ್ಧಿಮತ್ತೆ ಎಂದು ಯಾರಾದರೂ ಉತ್ಸಾಹದಿಂದ ಮಾತಾಡಿದಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ.

ಆ ವರ್ಷ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಜೂನ್ ಕಳೆದರೂ ತೆಗೆಯಲಿಲ್ಲ. ಹತ್ತನೇ ತರಗತಿಗೆಂದು ನಾವು ಒಂದು ವಾಟ್ಸಾಪ್ ಗುಂಪು ಮಾಡಿದೆವು. ನಲವತ್ತೆರಡು ಮಕ್ಕಳು, ನಲವತ್ತೆರಡು ನಂಬರು. ಅಡುಗೆಮನೆಯ ಗೋಡೆಗೆ ಮೊಮ್ಮಗಳ ಸಣ್ಣ ಬೋರ್ಡು ಒರಗಿಸಿ, ಅದರ ಮೇಲೆ ಲೆಕ್ಕ ಮಾಡಿ, ವಿಡಿಯೋ ತೆಗೆದು ಕಳಿಸುತ್ತಿದ್ದೆ. ನಡುವೆ ಕುಕ್ಕರ್ ಕೂಗಿದರೆ ಮತ್ತೆ ಮೊದಲಿನಿಂದ ಶುರು. ಸಂಜೆ ಮುಖ್ಯೋಪಾಧ್ಯಾಯರಿಗೆ ಹಾಜರಿ ಪಟ್ಟಿ ಕೊಡಬೇಕಿತ್ತು. ಕಳಿಸಿದ ಪಾಠವನ್ನು ಒತ್ತಿ ಹಿಡಿದು ನೋಡಿದರೆ ಯಾರು ಯಾರು ತೆರೆದಿದ್ದಾರೆ ಎಂದು ನೀಲಿ ಟಿಕ್ಕಿನ ಪಕ್ಕ ಹೆಸರುಗಳು ಬರುತ್ತವಲ್ಲ, ಅದನ್ನೇ ನೋಡಿ ಬರೆದು ಕಳಿಸುತ್ತಿದ್ದೆ. ಆ ಹುಡುಗಿಯ ನಂಬರು ಒಂದು ದಿನವೂ ತಪ್ಪುತ್ತಿರಲಿಲ್ಲ. ‘ಎಷ್ಟು ಶ್ರದ್ಧೆ ನೋಡಿ’ ಎಂದು ಮನೆಯವರ ಹತ್ತಿರ ಹೊಗಳಿಯೂ ಇದ್ದೆ.

ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಜಗುಲಿ, ಮರದ ನೆರಳು ಎನ್ನದೆ ಪಾಠ ಮಾಡುವ ಕಾರ್ಯಕ್ರಮ ಅದು. ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿಕೊಳ್ಳಬೇಕಿತ್ತು. ಇವಳ ಹೆಸರು ಮೊದಲನೇ ಸಾಲಿನಲ್ಲಿತ್ತು. ಏನೂ ಇಲ್ಲದವರ ಕೇರಿಗೆ ಮೊದಲು ಹೋಗೋಣ ಎಂದು ಹೊರಟೆವು, ನ್ಯಾಯವಾಗಿಯೇ ಇತ್ತು. ಇವಳ ಬೀದಿಯ ಸರದಿ ಬರುವಷ್ಟರಲ್ಲಿ ಅಕ್ಟೋಬರ್ ಬಂತು, ಕೊರೊನಾ ಹೆದರಿಕೆಯಿಂದ ವಿದ್ಯಾಗಮವೇ ನಿಂತಿತು.

2021ರ ಜನವರಿ 1ರಂದು ಹತ್ತನೇ ತರಗತಿಗೆ ಶಾಲೆ ತೆರೆಯಿತು. ಇವಳು ಎರಡು ವಾರ ತಡವಾಗಿ ಬಂದಳು. ಬೋರ್ಡಿನ ಮೇಲೆ ಒಂದು ವರ್ಗ ಸಮೀಕರಣ ಬರೆದು ಕರೆದೆ. ಬಂದಳು, ಚಾಕ್‌ಪೀಸ್ ಹಿಡಿದು ಸುಮ್ಮನೆ ನಿಂತಳು. ಬೆರಳ ತುದಿಗಳೆಲ್ಲ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವು.

‘ಯಾಕೆ, ವಿಡಿಯೋ ಎಲ್ಲ ನೋಡಿದ್ದೀಯಲ್ಲ?’

‘ಇಲ್ಲ ಮಿಸ್.’

‘ಇಲ್ಲ ಅಂದ್ರೆ? ದಿನಾ ಟಿಕ್ ಬಂದಿದೆ.’

‘ಅದು ಅಣ್ಣನ ಫೋನ್ ಮಿಸ್. ಅಣ್ಣ ನೋಡಿರ್ತಾನೆ.’

ಅಣ್ಣ ವೆಲ್ಡಿಂಗ್ ಶಾಪಿನಲ್ಲಿದ್ದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಂದ ಮೆಸೇಜುಗಳನ್ನೆಲ್ಲ ಒಮ್ಮೆ ತೆರೆದು ಮುಚ್ಚುತ್ತಿದ್ದ. ಅವನದೇನೂ ತಪ್ಪಿಲ್ಲ. ತಾಯಿ ಮಗಳು ಅಡಿಕೆ ಸುಲಿಯಲು ಹೋಗುತ್ತಿದ್ದರು. ಅವರ ಮನೆ ನಮ್ಮ ಮನೆಯಿಂದ ನಡೆದು ಹದಿನೈದು ನಿಮಿಷದ ದಾರಿ. ಆರು ತಿಂಗಳಲ್ಲಿ ಒಮ್ಮೆ ಆ ಅಣ್ಣನ ನಂಬರಿಗೆ ಫೋನ್ ಮಾಡಿ ‘ಅವಳಿಗೆ ಕೊಡಪ್ಪಾ’ ಎಂದಿದ್ದರೂ ಸಾಕಿತ್ತು. ಟಿಕ್ ಇತ್ತಲ್ಲ, ಅದಕ್ಕೇ ಮಾಡಲಿಲ್ಲ.

ಮನೆಗೊಂದೇ ಒಳ್ಳೆಯ ಫೋನಿದ್ದರೆ ಅದು ಯಾರ ಕೈಯಲ್ಲಿರುತ್ತದೆ? ಇದನ್ನು ಓದುತ್ತಿರುವ ನೀವೇ ಒಮ್ಮೆ ನಿಮ್ಮ ಮನೆಯನ್ನು ನೆನೆದುಕೊಳ್ಳಿ. ಅದೇ ವರ್ಷ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಬರುತ್ತಿತ್ತು. ಫೋನಿಲ್ಲದ ಮನೆಗೂ ಮುಟ್ಟಿದ ಒಳ್ಳೆಯ ಕೆಲಸ ಅದು. ಚೆನ್ನಾಗಿ ಪಾಠ ಮಾಡಿದವರೂ ಇದ್ದರು. ಆದರೆ ಪಾಠದ ಹೊತ್ತಿಗೇ ನಲ್ಲಿಯಲ್ಲಿ ನೀರು ಬಂದರೆ ಕೊಡ ಹಿಡಿದು ಏಳುವವರು ಯಾರು? ತಮ್ಮನಂತೂ ಅಲ್ಲ. ‘ಎಲ್ಲರ ಮನೆಗೆ ಪಾಠ’ ಎಂದು ಯೋಜನೆ ಮಾಡುವವರು ಮನೆಯನ್ನು ಒಂದು ಘಟಕವಾಗಿ ಎಣಿಸುತ್ತಾರೆ. ಹೆಣ್ಣುಮಗಳ ಪಾಲಿಗೆ ಅದರಲ್ಲಿ ಎಷ್ಟು ನಿಮಿಷ ಬಂತು ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ಹಾಗೆಂದು ಯಂತ್ರವನ್ನು ಬೈಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅರ್ಧವೃತ್ತದಲ್ಲಿಯ ಕೋನ ಲಂಬಕೋನ ಎಂಬ ಪ್ರಮೇಯವನ್ನು ವರ್ಷಗಟ್ಟಲೆ ಕೈವಾರ ಹಿಡಿದು ಹೇಳಿದವಳು ನಾನು. ಕೊನೆಯ ವರ್ಷಗಳಲ್ಲಿ ಜಿಯೋಜಿಬ್ರಾ ಎಂಬ ತಂತ್ರಾಂಶ ಕಲಿತೆ. ಪರದೆಯ ಮೇಲೆ ವೃತ್ತದಂಚಿನ ಬಿಂದುವನ್ನು ಹಿಡಿದು ಸುತ್ತಿಸಿದರೆ ತ್ರಿಕೋನ ಉದ್ದವಾಗುತ್ತದೆ, ಮೊಂಡಾಗುತ್ತದೆ, ಕೋನ ಮಾತ್ರ 90 ಡಿಗ್ರಿಯಲ್ಲೇ ನಿಂತಿರುತ್ತದೆ. ಮೊದಲ ಸಲ ತೋರಿಸಿದಾಗ ಹಿಂದಿನ ಬೆಂಚಿನಿಂದ ‘ಅರೆ!’ ಎಂಬ ದನಿ ಬಂತು. ಆ ‘ಅರೆ’ ನನ್ನ ಚಾಕ್‌ಪೀಸಿಗೆ ಎಂದೂ ಸಿಕ್ಕಿರಲಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಿ ‘ಯಾಕೆ ಹೀಗೆ?’ ಎಂದು ಕೇಳಬೇಕು. ಒಬ್ಬಳು ತಪ್ಪು ಹೇಳಬೇಕು, ಇನ್ನೊಬ್ಬಳು ತಿದ್ದಬೇಕು. ಆಗಷ್ಟೇ ಅದು ಪಾಠ. ಪ್ರಶ್ನೆ ಕೇಳದೆ ಮುಂದಿನ ಚಿತ್ರಕ್ಕೆ ಹೋದ ದಿನ, ಮರುದಿನ ಯಾರಿಗೂ ಏನೂ ನೆನಪಿರುತ್ತಿರಲಿಲ್ಲ.

ಯಂತ್ರ ಬಂದಾಗಲೆಲ್ಲ ಶಾಲೆಯೇ ಬದಲಾಗುತ್ತದೆಂದು ಹೇಳುವವರು ಇದ್ದೇ ಇದ್ದಾರೆ. ಇನ್ನು ಹತ್ತು ವರ್ಷದಲ್ಲಿ ಶಾಲೆಗಳಿಗೆ ಪುಸ್ತಕ ಬೇಡ, ಚಲನಚಿತ್ರವೇ ಎಲ್ಲ ಕಲಿಸುತ್ತದೆ ಎಂಬ ಅರ್ಥದ ಮಾತನ್ನು ಥಾಮಸ್ ಎಡಿಸನ್ 1913ರಲ್ಲೇ ಆಡಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಪಾಠ ಬಂತು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ದೊಡ್ಡ ಪ್ರಯೋಗವೇ. ಆದರೆ ಉಪಗ್ರಹ ಎರವಲಿನದು. ವರ್ಷ ಮುಗಿದ ಮೇಲೆ ಕೊಟ್ಟವರು ವಾಪಸು ತೆಗೆದುಕೊಂಡರು. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯದೂ ಹೆಚ್ಚುಕಡಿಮೆ ಅದೇ ಕಥೆ. ಗುತ್ತಿಗೆ ಮುಗಿದ ದಿನ ಕಲಿಸುತ್ತಿದ್ದ ಹುಡುಗ ಹೋದ, ಮರುವರ್ಷ ಬ್ಯಾಟರಿ ಹೋಯಿತು. ಆಮೇಲೆ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು, ಬೊಂಬೆ ಹಬ್ಬದಂತೆ. 2023ರಲ್ಲಿ ಯುನೆಸ್ಕೊ ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಹೊರತಂದ ಜಾಗತಿಕ ವರದಿ ತನ್ನ ತಲೆಬರಹದಲ್ಲೇ ಕೇಳಿದ್ದು, ಈ ಸಲಕರಣೆ ಯಾರ ಷರತ್ತಿನ ಮೇಲೆ ಬರುತ್ತಿದೆ ಎಂದು. ನಮ್ಮ ಆ ಕೋಣೆಯ ಬಾಗಿಲಲ್ಲಿ ನಿಂತವರಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ.

ನನಗೆ ಹೆಚ್ಚು ಯೋಚನೆ ಹತ್ತಿದ್ದು ಇನ್ನೊಂದು ವಿಷಯ. ಶಾಲೆಗೆ ಬಂದ ಯಂತ್ರ ಕಲಿಸುವುದಕ್ಕಿಂತ ಬೇಗ ಎಣಿಸುವುದಕ್ಕೆ, ಕಾಯುವುದಕ್ಕೆ ಒಗ್ಗಿಕೊಳ್ಳುತ್ತದೆ. 2021ರ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಒಎಂಆರ್ ಹಾಳೆಯಲ್ಲಿ ಗುಂಡಿ ತುಂಬಬೇಕು. ಬರೆದವರೆಲ್ಲ ಹೆಚ್ಚುಕಡಿಮೆ ಪಾಸು. ಆ ಹೊತ್ತಿಗೆ ಅದು ಸರಿಯಾದ ತೀರ್ಮಾನವೇ. ನನ್ನ ಹುಡುಗಿಯೂ ಪಾಸಾದಳು. ಹಾಜರಿಯ ಯಂತ್ರ ‘ಇದ್ದಾಳೆ’ ಎಂದಿತ್ತು, ಈಗ ಪರೀಕ್ಷೆಯ ಯಂತ್ರ ‘ಕಲಿತಿದ್ದಾಳೆ’ ಎಂದಿತು. ಪಿಯುಸಿಗೆ ಕಾಮರ್ಸ್ ಸೇರಿ, ಅಕೌಂಟ್ಸ್ ಅರ್ಥವಾಗದೆ, ವರ್ಷ ಮುಗಿಯುವ ಮೊದಲೇ ಬಿಟ್ಟಳು.

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಮಕ್ಕಳು ಬರೆಯುವುದನ್ನು ಅಧಿಕಾರಿಗಳು ದೂರದಲ್ಲಿ ಕೂತು ನೋಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು, ಅದೂ ಶೇಕಡಾ 20ರಷ್ಟು ಕೃಪಾಂಕ ಕೊಟ್ಟ ಮೇಲೆ. ಉಡುಪಿ ಮೊದಲು, ಯಾದಗಿರಿ ಕೊನೆ. ಕ್ಯಾಮೆರಾ ಇಟ್ಟದ್ದು ತಪ್ಪೆಂದು ನಾನು ಹೇಳಲಾರೆ, ನಕಲು ನಿಲ್ಲಲೇಬೇಕು. ಆದರೆ ಎಂಟನೇ ತರಗತಿಯಿಂದ ಮೂರು ವರ್ಷ ಆ ಮಕ್ಕಳು ನಮ್ಮ ಕಣ್ಣೆದುರೇ ಕೂತಿದ್ದರು. ಅವರಿಗೆ ಭಾಗಾಕಾರ ಬರುವುದಿಲ್ಲ ಎಂಬುದನ್ನು ಆಗಲೇ ನೋಡುವ ಏರ್ಪಾಟು ಮಾಡದೆ, ಕೊನೆಯ ಮೂರು ಗಂಟೆಗೆ ಕ್ಯಾಮೆರಾ ಇಟ್ಟೆವು. ಕಾಯುವುದಕ್ಕೆ ಇಷ್ಟು ಬೇಗ ತಂತಿ ಎಳೆಯಲು ಸಾಧ್ಯವಾದರೆ, ಖಾಲಿ ಇರುವ ಗಣಿತ ಶಿಕ್ಷಕರ ಜಾಗ ತುಂಬಲು ಯಾಕೆ ಅಷ್ಟು ವರ್ಷ ಬೇಕು?

ಆದ್ದರಿಂದ ಹೊಸ ಯಂತ್ರ ಯಾವುದೇ ಬರಲಿ, ನಾನು ಕೇಳುವುದು ಒಂದೇ. ‘ಅರ್ಥ ಆಗ್ಲಿಲ್ಲ ಮಿಸ್’ ಎಂದು ಒಬ್ಬ ಹುಡುಗಿ ಹೇಳಿದರೆ, ಅದು ಯಾರ ಕಿವಿಗೆ ಬೀಳುತ್ತದೆ? ಕಿವಿಗೆ ಬಿದ್ದ ಮೇಲೆ ಯಾರು ಏನು ಮಾಡುತ್ತಾರೆ? ಇದಕ್ಕೆ ಉತ್ತರವಿದ್ದರೆ ಬೋರ್ಡು ಕಪ್ಪಗಿದ್ದರೂ ಸರಿ, ಹೊಳೆಯುತ್ತಿದ್ದರೂ ಸರಿ.

ಮೊನ್ನೆ ಸೀರೆ ಅಂಗಡಿಗೆ ಹೋಗಿದ್ದೆ. ಬಿಲ್ ಹಾಕುವ ಜಾಗದಿಂದ ‘ಮಿಸ್!’ ಎಂದು ಕೂಗಿದಳು. ಅವಳೇ. ಬೆರಳು ಬೆಳ್ಳಗಾಗಿದ್ದವು. ಪಿಯುಸಿಯನ್ನು ಖಾಸಗಿಯಾಗಿ ಕಟ್ಟಬೇಕೆಂದಿದ್ದಾಳಂತೆ. ‘ಲೆಕ್ಕ ಒಂದು ಭಯ ಮಿಸ್’ ಎಂದಳು. ನಂಬರು ಕೊಟ್ಟು ಬಂದೆ. ಈಗ ಅವಳ ಕೈಯಲ್ಲಿ ಅವಳದೇ ಫೋನಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಲೆಕ್ಕದ ಫೋಟೊ ಕಳಿಸುತ್ತಾಳೆ. ನಾನು ಬಿಡಿಸಿ, ಕಾಗದದ ಫೋಟೊ ತೆಗೆದು ಕಳಿಸುತ್ತೇನೆ. ತಕ್ಷಣ ಎರಡು ಟಿಕ್ಕೂ ನೀಲಿಯಾಗುತ್ತವೆ.

ನಾನು ಫೋನ್ ಕೆಳಗಿಡುವುದಿಲ್ಲ. ‘ಅರ್ಥ ಆಯ್ತಾ? ಎರಡನೇ ಸಾಲು ಹೇಗೆ ಬಂತು ಹೇಳು’ ಎಂದು ಬರೆದು, ಅವಳ ಉತ್ತರ ಬರುವವರೆಗೆ ಕಾಯುತ್ತೇನೆ.